ಗ್ಲೂಕೋಸ್ ಏರಿಸುವ ಮುಂಚೆ

ನಮ್ಮ ಅತ್ತಿಗೆಗೆ ತೂಕ ಇಳಿಸುವ ಬೈಪಾಸ್ ಆಪರೇಷನ್ ಆಗಿ ಆರನೇ ವಾರ. ಅರ್ಧ ಇಡ್ಲಿ ಮುಗಿಯುವಷ್ಟರಲ್ಲಿ ಮೂಗಿನಿಂದ ನೀರು, ಒಂದು ಬಿಕ್ಕಳಿಕೆ, ಎದೆಯ ನಡುವೆ ಕಲ್ಲಿಟ್ಟ ಹಾಗೆ ಒತ್ತಡ. ಇನ್ನೊಂದು ತುತ್ತು ಬಾಯಿಗಿಟ್ಟವರೇ ಬಚ್ಚಲಿಗೆ ಓಡಿದರು. ಬಂದದ್ದರಲ್ಲಿ ಹುಳಿಯೇ ಇಲ್ಲ. ಬರೀ ನೊರೆನೊರೆ ಎಂಜಲು, ಅದರಲ್ಲಿ ಅಗಿದ ಇಡ್ಲಿ ಇದ್ದ ಹಾಗೇ. "ಆಗಲಿ ಬಿಡು, ಬೇಗ ತೂಕ ಇಳಿಯುತ್ತೆ" ಅಂದರು ಚಿಕ್ಕಮ್ಮ. ಪಕ್ಕದ ಮನೆಯವರು ಮೆಣಸಿನಕಾಯಿ ಉಪ್ಪು ತಂದು ದೃಷ್ಟಿ ತೆಗೆದರು. ದೃಷ್ಟಿ ತೆಗೆದದ್ದರಿಂದ ಕೆಡುಕೇನೂ ಆಗಲಿಲ್ಲ, ಹತ್ತು ದಿನ ಹೋಯಿತು ಅನ್ನುವುದನ್ನು ಬಿಟ್ಟರೆ. ನನಗೆ ಭಯವಿರುವುದು ಆ ಹತ್ತು ದಿನದ ಬಗ್ಗೆ.

ವಾಂತಿ ಈ ಆಪರೇಷನ್ನಿನ ಫಲವೂ ಅಲ್ಲ, ತೆರಬೇಕಾದ ಬೆಲೆಯೂ ಅಲ್ಲ. ಬೈಪಾಸ್‌ನಲ್ಲಿ ಹೊಟ್ಟೆಯ ಮೇಲ್ತುದಿಯಲ್ಲಿ ಉಳಿಯುವ ಚೀಲಕ್ಕೆ ಹಿಡಿಸುವುದು ಸುಮಾರು 30 ಮಿಲಿಲೀಟರ್, ಎರಡು ದೊಡ್ಡ ಚಮಚ. ಮೊದಲಿನ ಹೊಟ್ಟೆ ತುತ್ತು ಬಂದಂತೆ ಸಡಿಲಾಗಿ ಜಾಗ ಕೊಡುತ್ತಿತ್ತು, ಈ ಚೀಲಕ್ಕೆ ಆ ಗುಣವಿಲ್ಲ. ಹಾಗಾಗಿ ಅವಸರದ ತುತ್ತು, ಒಣ ಚಪಾತಿ, ಮುದ್ದೆಗಟ್ಟಿದ ಅನ್ನ, ಊಟದ ನಡುವೆ ಗಟಗಟ ನೀರು, ಎಲ್ಲವೂ ಬಂದ ದಾರಿಯಲ್ಲೇ ವಾಪಸ್ಸು. ನುಣ್ಣಗೆ ಅಗಿಯಬೇಕು, ನೀರಿಗೂ ಊಟಕ್ಕೂ ಅರ್ಧ ಗಂಟೆ ಅಂತರವಿರಬೇಕು, ಆ ಬಿಕ್ಕಳಿಕೆ ಬಂದ ಕೂಡಲೇ ತಟ್ಟೆ ಸರಿಸಬೇಕು. ಇಷ್ಟಾದರೂ ನಿಲ್ಲದೆ, ನೀರು ಕೂಡ ಇಳಿಯದಿದ್ದರೆ ತಪ್ಪು ತಿನ್ನುವವರದ್ದಲ್ಲ. ಚೀಲವನ್ನೂ ಕರುಳನ್ನೂ ಹೊಲಿದ ಜಾಗ ಕಿರಿದಾಗಿರಬಹುದು. ಆಪರೇಷನ್ ಆದ ಮೊದಲ ಕೆಲವು ತಿಂಗಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಎಂಡೋಸ್ಕೋಪಿಯಲ್ಲಿ ಬಲೂನು ತೂರಿಸಿ ಹಿಗ್ಗಿಸುತ್ತಾರೆ.

ಅಷ್ಟರೊಳಗೆ ಸದ್ದಿಲ್ಲದೆ ಖಾಲಿಯಾಗುವುದು ವಿಟಮಿನ್ ಬಿ1, ಅಂದರೆ ಥಯಾಮಿನ್. ನಮ್ಮ ಇಡೀ ಮೈಯಲ್ಲಿ ಅದರ ದಾಸ್ತಾನು ಸುಮಾರು 30 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿನ ತೂಕಕ್ಕೂ ಅದು ಸಾಟಿಯಲ್ಲ. ಹೊಸದು ಬರದಿದ್ದರೆ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ವಾಂತಿಯಾದವರಿಗೆ ನಾವು ಕೊಡುವ ಬಿಳಿ ಅಕ್ಕಿಯ ಗಂಜಿ ತಿಳಿ, ಎಳನೀರಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲದಿದ್ದರೆ ಏನಾಗುತ್ತದೆ? ಆಲೆಮನೆ ನೋಡಿದವರಿಗೆ ಹೇಳುವುದು ಸುಲಭ. ಗಾಣ ಕಬ್ಬನ್ನು ಅರೆದು ಹಾಲು ತೆಗೆಯುತ್ತದೆ, ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುತ್ತದೆ. ಜೀವಕೋಶದಲ್ಲಿ ಗ್ಲೂಕೋಸೇ ಕಬ್ಬು, ಅರೆದಾಗ ಬರುವ ಪೈರುವೇಟ್ ಅದರ ಹಾಲು. ಆ ಹಾಲನ್ನು ಕೊಪ್ಪರಿಗೆಗೆ ಬಿಡುವ ಕಿಣ್ವ ಬಿ1 ಇಲ್ಲದೆ ಕೆಲಸ ಮಾಡದು. ಹಾಲು ನಿಂತಲ್ಲೇ ಹುಳಿಯುತ್ತದೆ. ಮೈಯೊಳಗಿನ ಆ ಹುಳಿ ಲ್ಯಾಕ್ಟಿಕ್ ಆಮ್ಲ. ಇಂಥ ಹೊತ್ತಲ್ಲಿ "ಸುಸ್ತಾಗಿದಾರೆ, ಒಂದು ಗ್ಲೂಕೋಸ್ ಹಾಕಿಸೋಣ" ಅನ್ನುವುದು, ಒಲೆ ಆರಿದ ಆಲೆಮನೆಗೆ ಇನ್ನೂ ನಾಲ್ಕು ಗಾಡಿ ಕಬ್ಬು ತಂದು ಸುರಿದಂತೆ. ಊದುಗೊಳವೆ ಇಲ್ಲದೆ ಒಲೆಗೆ ಸೌದೆ ತುರುಕಿದಂತೆ ಅಂದರೂ ಸರಿ, ಉರಿಯಿಲ್ಲ, ಮನೆತುಂಬ ಹೊಗೆ. ಅಳಿದುಳಿದ ಬಿ1 ಕೂಡ ಆ ಗ್ಲೂಕೋಸ್ ಅರಗಿಸಲು ಖರ್ಚಾಗಿಹೋಗುತ್ತದೆ. ಮೊದಲು ಕಂಗೆಡುವುದು ಮೆದುಳು. ಮೈತೂಕದ ಶೇ. 2ರಷ್ಟಿರುವ ಅದು ಶಕ್ತಿಯಲ್ಲಿ ಶೇ. 20ರಷ್ಟನ್ನು ಒಂದೇ ನುಂಗುತ್ತದೆ.

1881ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ ಮೂವರು ರೋಗಿಗಳ ಬಗ್ಗೆ ಬರೆದ. ಕಣ್ಣುಗುಡ್ಡೆ ಸರಿಯಾಗಿ ತಿರುಗುತ್ತಿರಲಿಲ್ಲ, ನಡಿಗೆ ತೂರಾಡುತ್ತಿತ್ತು, ಬುದ್ಧಿ ಮಂಕಾಗಿತ್ತು. ಇಬ್ಬರು ಕುಡುಕರು. ಹಾಗಾಗಿ ಇದು ಕುಡುಕರ ಕಾಯಿಲೆ ಎಂದೇ ಹೆಸರಾಯಿತು. ಮೂರನೆಯವಳನ್ನು ಜನ ಮರೆತರು. ಆಕೆ ಹೊಲಿಗೆ ಕೆಲಸದ ಯುವತಿ. ಗಂಧಕಾಮ್ಲ ನುಂಗಿ, ಹೊಟ್ಟೆಯಿಂದ ಕರುಳಿಗೆ ಹೋಗುವ ಬಾಯಿ ಕಿರಿದಾಗಿ, ಬಿಡದೆ ವಾಂತಿ ಮಾಡುತ್ತಿದ್ದಳು. ನಮ್ಮ ಅತ್ತಿಗೆಯ ಕಥೆಗೂ ಅವಳದ್ದಕ್ಕೂ ಎಷ್ಟು ಹತ್ತಿರ ನೋಡಿ! ಕಾರಣ ಮಾತ್ರ ವರ್ನಿಕೆಗೆ ಗೊತ್ತಿರಲಿಲ್ಲ. ಅದರ ಎಳೆ ಸಿಕ್ಕಿದ್ದು 1890ರ ದಶಕದಲ್ಲಿ, ಜಾವಾದ ಕೋಳಿಗೂಡಿನಲ್ಲಿ. ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ತಿಂದ ಕೋಳಿಗಳು ಕಾಲು ಸೋತು ಬಿದ್ದವು. ಹೊಸದಾಗಿ ಬಂದ ಅಡುಗೆಯವನು ಆ ಅನ್ನ ಕೊಡಲು ಒಪ್ಪದೆ ತೌಡಿರುವ ಅಕ್ಕಿಗೆ ಬದಲಾಯಿಸಿದಾಗ ಎದ್ದು ಓಡಾಡಿದವು. ಇದನ್ನು ಗಮನಿಸಿದ ಡಚ್ ವೈದ್ಯ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಂತು. ನಮ್ಮ ಕರಾವಳಿಯವರ ಕುಚ್ಚಲಕ್ಕಿಯಲ್ಲಿ, ಭತ್ತವನ್ನೇ ಬೇಯಿಸುವುದರಿಂದ, ತೌಡಿನ ಬಿ1 ಕಾಳಿನೊಳಕ್ಕೆ ಇಳಿದು ಉಳಿಯುತ್ತದೆ.

ಅತ್ತಿಗೆಯನ್ನು ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಾಗ ಯಾರೂ ಏನೂ ಕೇಳದೆ ಗ್ಲೂಕೋಸ್ ಬಾಟಲಿ ತೂಗುಹಾಕಿದ್ದರು. ಅಣ್ಣ ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನರ್ಸ್ ಕೈಗೆ ಕೊಟ್ಟ. ಮಾತ್ರೆ ಬೇಡ, ಅದೂ ವಾಂತಿಯಲ್ಲೇ ಹೋಗುತ್ತೆ, ಮೊದಲು ನರಕ್ಕೆ ಥಯಾಮಿನ್ ಕೊಡಿ, ಬಾಟಲಿ ಆಮೇಲೆ ಎಂದರು. ಮೂರು ದಿನದ ಮೇಲೆ ಬಲೂನ್ ಹಾಕಿ ಹಿಗ್ಗಿಸಿದರು, ನೀರು ಇಳಿಯಿತು. ಈಗ ಅತ್ತಿಗೆಯ ಪರ್ಸಿನಲ್ಲಿ ಆಧಾರ್ ಕಾರ್ಡಿನ ಹಿಂದೆ ಅಣ್ಣನ ಕೈಬರಹದ ಚೀಟಿ ಇದೆ: "ಹೊಟ್ಟೆ ಬೈಪಾಸ್ ಆಗಿದೆ. ವಾಂತಿ ಇದ್ದರೆ ಗ್ಲೂಕೋಸ್‌ಗಿಂತ ಮೊದಲು ಬಿ1 ಇಂಜೆಕ್ಷನ್ ಕೊಡಿ."