ಚಿತ್ರದ ಪಾಠಕ್ಕೆ ಒಂದು ಆಲೂಗಡ್ಡೆ

ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು, ಪಕ್ಕದಲ್ಲಿ ತೆಂಗಿನಮರ. 'ನಿಮ್ಮೂರಿನ ಚಿತ್ರ ಬರೀರಿ' ಅಂದರೆ ನಮ್ಮ ಹಾಸನದ ಮಕ್ಕಳೂ ಇದನ್ನೇ ಬರೆಯುತ್ತಾರೆ. ಇದು ಅವರು ನೋಡಿದ್ದಲ್ಲ, ಬಾಯಿಪಾಠ ಮಾಡಿದ್ದು. ಡ್ರಾಯಿಂಗ್ ಮೇಷ್ಟ್ರಾಗಿ ನಾನೂ ಎಷ್ಟೋ ವರ್ಷ ಇದನ್ನೇ ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸಿದವನೇ, ಸುಳ್ಳು ಯಾಕೆ ಹೇಳಲಿ.

ಈಗ ವರ್ಷದ ಮೊದಲ ಕ್ಲಾಸಿಗೆ ಎಲ್ಲರೂ ಮನೆಯಿಂದ ಒಂದೊಂದು ಆಲೂಗಡ್ಡೆ ತರಬೇಕು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರವೇ? 15 ನಿಮಿಷ ಬರೆಸಿ, ಗಡ್ಡೆಗಳನ್ನೆಲ್ಲ ಬುಟ್ಟಿಗೆ ಸುರಿದು, ಹಾಳೆಗಳನ್ನು ಅದಲುಬದಲು ಮಾಡಿ ಹಂಚಿ, 'ಕೈಯಲ್ಲಿರೋ ಚಿತ್ರದ ಗಡ್ಡೆ ಹುಡುಕಿ' ಅನ್ನುತ್ತೇನೆ. ಸಿಗುವುದೇ ಇಲ್ಲ. ಎಲ್ಲರೂ ಬರೆದಿರುವುದು ಬರೀ ಮೊಟ್ಟೆ! ಎರಡನೇ ಸಲ ಬರೆಯುವಾಗ ಅವರ ಮುಖ ನೋಡಬೇಕು ನೀವು. ಕಣ್ಣು ಎಷ್ಟಿವೆ, ಗುದ್ದಲಿ ಏಟು ಎಲ್ಲಿ ಬಿದ್ದಿದೆ, ಯಾವ ಮಗ್ಗುಲು ಚಪ್ಪಟೆ ಅಂತ ತಿರುಗಿಸಿ ತಿರುಗಿಸಿ ನೋಡುತ್ತಾರೆ. 'ಸಾರ್, ನನ್ನದಕ್ಕೆ ಮೂಗಿದೆ' ಅಂದ ಒಬ್ಬ. ಅವನ ಗೆರೆ ಪೂರ್ತಿ ಸೊಟ್ಟ, ಆದರೆ ಗಡ್ಡೆ ಮಾತ್ರ ತಕ್ಷಣ ಸಿಕ್ಕಿತು.

ಈ ಕ್ಲಾಸಿನಲ್ಲಿ ರಬ್ಬರ್ ಬ್ಯಾಗಿನಲ್ಲೇ ಇರಬೇಕು. ತಪ್ಪು ಗೆರೆ ಅಳಿಸಿದ ಮಗು ಬಹಳ ಸಲ ಅದೇ ಜಾಗದಲ್ಲಿ ಅದೇ ತಪ್ಪು ಎಳೆಯುತ್ತದೆ. ಗೆರೆ ಉಳಿದಿದ್ದರೆ ಸರಿಯಾದದ್ದು ಅದರ ಒಳಗೋ ಹೊರಗೋ ಅಂತ ಅಂದಾಜು ಸಿಗುತ್ತದೆ, ಅಲ್ವಾ? ಮಗುವಿನ ಹಾಳೆ ಮೇಲೆ ನಾನು ಪೆನ್ಸಿಲ್ ಇಡುವುದಿಲ್ಲ, ತೋರಿಸಬೇಕಾದರೆ ಬೇರೆ ಕಾಗದದಲ್ಲಿ. ಹಸಿರು ಬಣ್ಣದ ಡಬ್ಬಿಯನ್ನೂ ಎತ್ತಿಡುತ್ತೇನೆ. ಹಳದಿ, ನೀಲಿ, ಚೂರು ಕೆಂಪು ಸಾಕು. ಕಾಫಿ ಎಲೆಯ ಹಸಿರೇ ಬೇರೆ, ಗದ್ದೆ ಪೈರಿನ ಹಸಿರೇ ಬೇರೆ, ಅವರೇ ಕಲಸಿಕೊಳ್ಳಲಿ.

ಡ್ರಾಯಿಂಗಿನ ಲೋಯರ್ ಗ್ರೇಡ್ ಪರೀಕ್ಷೆಗೆ ಏನು ಮಾಡ್ತೀರಿ ಅಂತ ಪೋಷಕರು ಕೇಳುತ್ತಾರೆ. ಅದಕ್ಕೆ ಅಭ್ಯಾಸ ಬೇಕು, ಬೇರೆಯಾಗಿ ಮಾಡಿಸುತ್ತೇನೆ, ಅಷ್ಟೇ.

ಆಮೇಲೆ ಹಳೇಬೀಡು. ಗುಡಿಯ ಬುಡದ ಸಾಲಿನಲ್ಲಿ ಆನೆಗಳಿವೆಯಲ್ಲ, ಅಲ್ಲಿ ಪಕ್ಕಪಕ್ಕದ ಎರಡನ್ನು ಆರಿಸಿಕೊಂಡು ವ್ಯತ್ಯಾಸ ಬರೆಯಬೇಕು. ದೂರದಿಂದ 'ಎಲ್ಲಾ ಒಂದೇ ಸಾರ್' ಅಂದವರು ಹತ್ತಿರ ಹೋಗಿ ಸೊಂಡಿಲು, ಕಾಲು, ಗಂಟೆ ನೋಡುತ್ತಾ ಅರ್ಧ ಗಂಟೆ ಮೇಲೇಳುವುದಿಲ್ಲ. ಬೇಲೂರಿನಲ್ಲಿ ದಾಸೋಜ, ಚಾವಣರಂಥ ಶಿಲ್ಪಿಗಳು ಕೆತ್ತನೆಯ ಜೊತೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಅದನ್ನು ತೋರಿಸಿದ ಮೇಲೆ ಮಕ್ಕಳು ಸೊಟ್ಟ ಚಿತ್ರಕ್ಕೂ ಕೆಳಗೆ ಹೆಸರು ಬರೆಯತೊಡಗಿದರು, ಕೆಲವರು ಚಿತ್ರಕ್ಕಿಂತ ದಪ್ಪಕ್ಷರದಲ್ಲಿ.

ಅಂದಹಾಗೆ, ಆ ಆಲೂಗಡ್ಡೆಗಳು ಬಿಸಿಯೂಟದ ಸಾಂಬಾರಿಗೆ ಹೋಗುತ್ತವೆ. ಮೂಗಿನದನ್ನು ಮಾತ್ರ ಅವನು ಕೊಡಲಿಲ್ಲ.