ಮೀನಿನ ಮೈಮೇಲೆ ಬಿಳಿ ಚುಕ್ಕೆ: ಟ್ಯಾಂಕಿನ ಗಿಡ ಕೀಳಬೇಕೇ?

ಪ್ರಶ್ನೆ: ನಾವು ಚಿಕ್ಕಮಗಳೂರಿನವರು. ಮನೆಯಲ್ಲಿ ಎರಡಡಿ ಟ್ಯಾಂಕ್ ಇದೆ. ತುಂಬ ಗಿಡ, ನಿಯಾನ್ ಟೆಟ್ರಾ, ಒಂದಿಷ್ಟು ಸೀಗಡಿ. ಚಳಿ ಶುರುವಾದ ಮೇಲೆ ಮೀನಿನ ಮೈಮೇಲೆಲ್ಲ ಬಿಳಿ ಚುಕ್ಕೆ ಎದ್ದಿದೆ. ಗಿಡ ಕಿತ್ತು ಔಷಧಿ ಹಾಕಿ ಅಂತ ಕೆಲವರು, ಉಪ್ಪು ಸಾಕು ಅಂತ ಕೆಲವರು. ಏನು ಮಾಡಲಿ?

ಉತ್ತರ: ಗಿಡ ಕೀಳಬೇಡಿ. ಔಷಧಿ ಬಾಟಲಿಯನ್ನೂ ಸದ್ಯಕ್ಕೆ ಪಕ್ಕಕ್ಕಿಡಿ.

ರವೆ ಉದುರಿಸಿದ ಹಾಗೆ ಬಿಡಿಬಿಡಿ ಚುಕ್ಕೆ, ಮೀನು ಎಲೆಗೂ ಕಲ್ಲಿಗೂ ಮೈ ಉಜ್ಜುತ್ತಿದ್ದರೆ ಅದು ವೈಟ್ ಸ್ಪಾಟ್, ಅಂದರೆ ಇಕ್. ಚಿನ್ನದ ಪುಡಿಯಷ್ಟು ನುಣ್ಣಗಿದ್ದರೆ ಅದು ವೆಲ್ವೆಟ್, ಬೇರೆ ರೋಗ. ಗಂಡು ಗೋಲ್ಡ್ ಫಿಶ್‌ಗಳ ಕಿವಿರು ಮುಚ್ಚಳದ ಮೇಲೆ ಮರಿ ಮಾಡುವ ಕಾಲದಲ್ಲಿ ಏಳುವ ಬಿಳಿ ಗುಳ್ಳೆ ರೋಗವೇ ಅಲ್ಲ.

ಇಕ್ ಪರಾವಲಂಬಿಗೆ ಮೂರು ಅವಸ್ಥೆ. ಮೊದಲನೆಯದು ಮೀನಿನ ಚರ್ಮದ ಪದರದಡಿ ಕೂತು ತಿನ್ನುವುದು. ನಮಗೆ ಕಾಣುವ ಚುಕ್ಕೆ ಅದೇ. ಅಲ್ಲಿಗೆ ಔಷಧಿ ತಲುಪುವುದಿಲ್ಲ. ಬಲಿತ ಮೇಲೆ ಅದು ಮೀನನ್ನು ಬಿಟ್ಟು ಕೆಳಗಿಳಿದು, ಜಲ್ಲಿಗೋ ಎಲೆಗೋ ಅಂಟಿ, ಸುತ್ತ ಕೋಶ ಕಟ್ಟಿಕೊಂಡು ಒಳಗೇ ಒಡೆಯುತ್ತದೆ. ಒಂದರಿಂದ ನೂರಾರು, ಕೆಲವೊಮ್ಮೆ ಸಾವಿರದವರೆಗೂ ಮರಿ. ಆ ಕೋಶವೂ ಔಷಧಿಗೆ ಜಗ್ಗದು. ಮರಿಗಳು ಹೊರಬಿದ್ದು ಮೀನನ್ನು ಹುಡುಕಿ ಈಜುವಾಗ ಮಾತ್ರ ಅವನ್ನು ಕೊಲ್ಲಬಹುದು. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ತಾವಾಗಿಯೇ ಸಾಯುತ್ತವೆ.

ನಮ್ಮೂರಿನ ತೊಂದರೆ ಇರುವುದು ಇಲ್ಲೇ. 25 ಡಿಗ್ರಿ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ. ನೀರು ತಣ್ಣಗಿದ್ದಷ್ಟೂ ವಾರಗಟ್ಟಲೆ ಎಳೆಯುತ್ತದೆ. ಸಾವಿರ ಮೀಟರ್‌ಗೂ ಎತ್ತರದ ಊರಿನಲ್ಲಿ ಡಿಸೆಂಬರ್ ರಾತ್ರಿ ಹೀಟರ್ ಇಲ್ಲದ ಟ್ಯಾಂಕ್ ತಣ್ಣಗಾಗಿ ಮೀನಿನ ರೋಗನಿರೋಧಕ ಶಕ್ತಿ ಕುಗ್ಗುತ್ತದೆ, ಪರಾವಲಂಬಿಯೂ ನಿಧಾನವಾಗುತ್ತದೆ. ಬೆಂಗಳೂರಿನ ಬೇಸಿಗೆಯ ಲೆಕ್ಕದಲ್ಲಿ ಮೂರು ದಿನ ಔಷಧಿ ಹಾಕಿ, ಚುಕ್ಕೆ ಉದುರಿದ್ದು ನೋಡಿ ನಿಲ್ಲಿಸಿದರೆ ಅದು ಮತ್ತೆ ಬರುತ್ತದೆ. ಚುಕ್ಕೆ ಉದುರಿತು ಅಂದರೆ ಪರಾವಲಂಬಿ ಕೆಳಗಿಳಿದು ಮರಿ ಮಾಡುತ್ತಿದೆ ಅಂತ.

ಹಾಗಾಗಿ ಮೊದಲ ಮದ್ದು ಶಾಖ. ದಿನಕ್ಕೆ ಎರಡು ಡಿಗ್ರಿಯಂತೆ 30ಕ್ಕೆ ಏರಿಸಿ. ಆ ಶಾಖದಲ್ಲಿ ಸಾಮಾನ್ಯವಾಗಿ ಇದರ ವಂಶ ಬೆಳೆಯುವುದಿಲ್ಲ. ಕೊನೆಯ ಚುಕ್ಕೆ ಹೋದ ಮೇಲೂ ಹತ್ತು ದಿನ ಅಲ್ಲೇ ನಿಲ್ಲಿಸಿ. ಎರಡಡಿ ಟ್ಯಾಂಕ್ ಅಂದರೆ ಸುಮಾರು 55 ಲೀಟರ್. ಮೈದಾನದ ಊರಿಗೆ 50 ವ್ಯಾಟ್ ಹೀಟರ್ ಸಾಕಾದೀತು, ನಮ್ಮ ಚಳಿಗೆ 150 ಬೇಕು. ಹಿಂದೆ, ಅಕ್ಕಪಕ್ಕ ಥರ್ಮಾಕೋಲ್ ಒತ್ತಿ ನಿಲ್ಲಿಸಿ, ಮೇಲೆ ಗಾಜು ಮುಚ್ಚಿ. ಕರೆಂಟ್ ಹೋದಾಗ ಕಂಬಳಿ ಹೊದಿಸಿದರೂ ಒಂದಷ್ಟು ಹೊತ್ತು ಬಿಸಿ ಉಳಿಯುತ್ತದೆ. ಹೀಟರಿನ ತಿರುಗಿಸುವ ಗುಂಡಿಯ ಮೇಲಿನ ಅಂಕಿ ನಂಬಬೇಡಿ, ಬೇರೆ ಥರ್ಮಾಮೀಟರ್ ಇಡಿ.

ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ರಾತ್ರಿ ಗಿಡಗಳೂ ಅದನ್ನೇ ಬಳಸುತ್ತವೆ. ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಗಲೂ ರಾತ್ರಿ ಓಡಲಿ. ಗಿಡಕ್ಕೆಂದು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದರೆ ನಿಲ್ಲಿಸಿ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಶಾಖ ಏರಿಸುವುದನ್ನು ತಡೆಹಿಡಿಯಿರಿ. ಕಿವಿರಿಗೆ ಇಕ್ ಹತ್ತಿದ್ದರೂ ಹಾಗೇ ಮಾಡುತ್ತದೆ, ಮೈಮೇಲೆ ಚುಕ್ಕೆ ಕಡಿಮೆ ಇದ್ದರೂ. ದಿನ ಬಿಟ್ಟು ದಿನ ಜಲ್ಲಿಯ ತಳದಿಂದ ಕಾಲು ಭಾಗ ನೀರು ಎಳೆದು, ಅದೇ ಬಿಸಿಯ ನೀರು ತುಂಬಿ. ಕೋಶಗಳೂ ಒಂದಷ್ಟು ಹೊರಬೀಳುತ್ತವೆ.

ಅನೂಬಿಯಾಸ್, ಜಾವಾ ಫರ್ನ್, ವ್ಯಾಲಿಸ್ನೇರಿಯಾ ಎಲ್ಲವೂ ಎರಡು ವಾರ ಈ ಬಿಸಿ ತಡೆಯುತ್ತವೆ. ಪಾಚಿಯಂಥ ಮಾಸ್ ಸ್ವಲ್ಪ ಸೊರಗೀತು, ಆಮೇಲೆ ಚಿಗುರುತ್ತದೆ. ಉಪ್ಪು ಸುರಿದರೆ ಕೆಲವು ಗಿಡ ಕರಗಿಹೋಗಬಹುದು. ತಾಮ್ರವಿರುವ ಔಷಧಿ ನಿಮ್ಮ ಸೀಗಡಿಗಳಿಗೆ ವಿಷ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಮೆಥಿಲೀನ್ ಬ್ಲೂ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೆ ಏಟು ಕೊಟ್ಟು, ಟ್ಯಾಂಕಿನ ಸಿಲಿಕೋನನ್ನೂ ನೀಲಿ ಮಾಡುತ್ತದೆ. ಸೀಗಡಿಗೆ ಈ ರೋಗ ಹತ್ತುವುದಿಲ್ಲ. ಬಿಸಿ ಅವಕ್ಕೆ ಹೆಚ್ಚೆನಿಸಿದರೆ ಮೀನಿಲ್ಲದ ಟಬ್ಬಿಗೆ ಹಾಕಿ.

ಎಲ್ಲ ಮೀನಿಗೂ 30 ಡಿಗ್ರಿ ಹಿಡಿಸುವುದಿಲ್ಲ. ಪಶ್ಚಿಮ ಘಟ್ಟದ ಹೊಳೆಗಳ ಡೆನಿಸನ್ ಬಾರ್ಬ್ ತಣ್ಣೀರಿನ ಮೀನು. ಅಂಥದ್ದಿದ್ದರೆ ಗಿಡದ ಬದಲು ಮೀನನ್ನು ತೆಗೆಯಿರಿ. ಒಂದೂ ಬಿಡದೆ ಎಲ್ಲವನ್ನೂ ಬೇರೆ ಟಬ್ಬಿಗೆ ಹಾಕಿ, ಲೀಟರಿಗೆ 2-3 ಗ್ರಾಂ ಕಲ್ಲುಪ್ಪನ್ನು ಒಂದೆರಡು ದಿನದಲ್ಲಿ ಸ್ವಲ್ಪಸ್ವಲ್ಪವೇ ಕರಗಿಸಿ, ಕೊನೆಯ ಚುಕ್ಕೆ ಹೋಗಿ ಹತ್ತು ದಿನವಾಗುವವರೆಗೆ ಅಲ್ಲೇ ಇಡಿ. ಗಿಡದ ಟ್ಯಾಂಕ್ ಎರಡು ವಾರ 28 ಡಿಗ್ರಿಯಲ್ಲಿ ಖಾಲಿ ಇರಲಿ, ಮರಿಗಳು ಹಸಿದು ಸಾಯುತ್ತವೆ. ಚುಕ್ಕೆ ಕಂಡ ಮೀನನ್ನಷ್ಟೇ ತೆಗೆದರೆ ಏನೂ ಸಾಧಿಸಿದಂತಾಗದು.

ಇನ್ನು ಮುಂದೆ ಮಾರುಕಟ್ಟೆಯಿಂದಾಗಲಿ, ಹಳ್ಳದ ಬದಿಯಿಂದಾಗಲಿ ತಂದ ಗಿಡವನ್ನೂ ಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ ಮೀನಿಲ್ಲದೆ ಎರಡು ವಾರ ಇಟ್ಟೇ ಟ್ಯಾಂಕಿಗೆ ಹಾಕಿ. ಎಲೆಗೆ ಅಂಟಿದ ಕೋಶ ಕಣ್ಣಿಗೆ ಕಾಣುವುದಿಲ್ಲ. ಎಳೆದು ತೆಗೆದ ನೀರನ್ನು ಹಳ್ಳಕ್ಕೂ ಕೆರೆಗೂ ಬಿಡಬೇಡಿ, ಅಲ್ಲೂ ಮೀನಿವೆ.