ಮುತ್ಯಾನ ಮಾತು, ಪುಸ್ತಕದ ಪಾಠ: ರಾಷ್ಟ್ರೀಯ ಮೌಲ್ಯಗಳ ಬಗ್ಗೆ ಬಿ.ಇಡಿ. ಟಿಪ್ಪಣಿ

ಮೌಲ್ಯ ಶಿಕ್ಷಣದಲ್ಲಿ ‘ತಲೆಮಾರುಗಳ ನಡುವಿನ ಮಾತುಕತೆಯಿಂದ ರಾಷ್ಟ್ರೀಯ ಮೌಲ್ಯಗಳು ಹೇಗೆ ಬೆಳೆಯುತ್ತವೆ’ ಎಂಬ ಪ್ರಶ್ನೆ ಬಂದರೆ ಬಹಳ ಜನ ಬರೆಯುವುದು ಒಂದೇ: ಹಿರಿಯರು ಹೇಳಬೇಕು, ಮಕ್ಕಳು ಕೇಳಬೇಕು. ಇದು ಅರ್ಧ ಉತ್ತರ. ಮೌಲ್ಯಗಳು ಯಾವುವು ಅನ್ನೋದು ಕಷ್ಟವಲ್ಲ. ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಸಂವಿಧಾನದ ಪೀಠಿಕೆಯಲ್ಲಿವೆ. 1976ರ 42ನೇ ತಿದ್ದುಪಡಿಯಲ್ಲಿ ಬಂದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯಗಳಿವೆ. ಇವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಅನ್ನೋದೇ ಕಷ್ಟ.

ಕಲಬುರಗಿಯಲ್ಲಿ ಓದುವ ನಮಗೆ ಉದಾಹರಣೆ ಹತ್ತಿರದಲ್ಲೇ ಇದೆ: ಸೆಪ್ಟೆಂಬರ್ 17. 1947ರ ಆಗಸ್ಟ್ 15 ಕಳೆದರೂ ಕಲಬುರಗಿ, ಬೀದರ್, ಯಾದಗಿರಿ ಸೀಮೆ ಹೈದರಾಬಾದಿನ ದೊರೆ ನಿಜಾಮನ ಕೈಯಲ್ಲೇ ಇತ್ತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಶರಣಾದ. ಅದಕ್ಕೇ ನಮ್ಮಲ್ಲಿ ಆ ದಿನವೂ ಧ್ವಜ ಹಾರಿಸುತ್ತೇವೆ.

ಪುಸ್ತಕದಲ್ಲಿ ಇದು ನಾಲ್ಕು ಸಾಲು. ಮನೆಯಲ್ಲಿ ಹಾಗಲ್ಲ. ಒಬ್ಬರ ಮುತ್ಯಾ (ಅಜ್ಜ) ನಿಜಾಮನ ಪರವಾಗಿದ್ದ ಖಾಸಗಿ ಪಡೆಯಾದ ರಜಾಕಾರರ ಹಾವಳಿ ಹೇಳುತ್ತಾರೆ. ರಾತ್ರೋರಾತ್ರಿ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋದವರ ಕಥೆ ಬರುತ್ತದೆ. ಬಸವಕಲ್ಯಾಣದ ಕಡೆಯವರಾದರೆ ಗೋರಟಾ ಊರಿನಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ಬರದೇ ಇರದು. ಇನ್ನೊಬ್ಬರ ದಾದಿ (ಅಜ್ಜಿ) ಪೊಲೀಸ್ ಆ್ಯಕ್ಷನ್, ಅಂದರೆ ಆ ಸೇನಾ ಕಾರ್ಯಾಚರಣೆ, ಆದಮೇಲಿನ ದಿನಗಳನ್ನು ನೆನೆಯುತ್ತಾರೆ. ಆಗ ಮುಸ್ಲಿಮರ ಮೇಲೆ ದಾಳಿಗಳಾದವು. ಕೇಂದ್ರ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡನ್ನೂ ಹೆಸರಿಸಿತ್ತು. ಈ ಇಬ್ಬರ ಮೊಮ್ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಅಲ್ವಾ? ಒಂದನ್ನು ಹೇಳಿಸಿ ಇನ್ನೊಂದನ್ನು ಮುಚ್ಚಿಟ್ಟರೆ ಒಂದು ಮಗುವಿಗೆ ಈ ಹಬ್ಬ ತನ್ನದಲ್ಲ ಅನಿಸುತ್ತದೆ. ಎರಡನ್ನೂ ಕೇಳಿಸಿಕೊಂಡ ತರಗತಿಗೆ ಮಾತ್ರ 51ಎ(ಇ) ಹೇಳುವ ಸೌಹಾರ್ದ ಅರ್ಥವಾದೀತು. ಇಲ್ಲದಿದ್ದರೆ ಅದು ಸುಮ್ನೆ ಬಾಯಿಪಾಠ.

ಇನ್ನೊಂದು ಸಂಗತಿ. 1948ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ 85 ದಾಟಿದ್ದಾರೆ. ಇಂದಿನ ಹೈಸ್ಕೂಲ್ ಮಕ್ಕಳ ಅಜ್ಜ-ಅಜ್ಜಿಯರಲ್ಲಿ ಜಾಸ್ತಿ ಜನ ಇದನ್ನು ಕಂಡವರಲ್ಲ, ತಮ್ಮ ಹಿರಿಯರಿಂದ ಕೇಳಿದವರು. ಹಾಗಾಗಿ ಮಕ್ಕಳು ಮೊದಲು ಕೇಳಬೇಕಾದದ್ದು: "ಮುತ್ಯಾ, ಇದು ನೀವು ಕಂಡದ್ದಾ, ಕೇಳಿದ್ದಾ?" ದೇಶಪ್ರೇಮ ಎಂದರೇನು ಎಂದು ಕೇಳಿದರೆ ಹಿರಿಯರು ಭಾಷಣ ಶುರು ಮಾಡುತ್ತಾರೆ. ಆಗ ಮನೆಯಲ್ಲಿ ಏನು ಉಣ್ಣುತ್ತಿದ್ದರು, ಶಾಲೆ ಯಾವ ಭಾಷೆಯಲ್ಲಿತ್ತು, ಆಸರೆ ಕೊಟ್ಟವರು ಯಾರು ಎಂದು ಕೇಳಿದರೆ ನಿಜವಾದ ಮಾತು ಹೊರಬರುತ್ತದೆ. ಬೇರೆ ಧರ್ಮದ ನೆರೆಯವರು ಬಚ್ಚಿಟ್ಟು ಕಾಪಾಡಿದ ಕಥೆಗಳೂ ಹೀಗೇ ಸಿಗುವುದು.

ಮಾತು ಕೆಳಗಿನಿಂದ ಮೇಲಕ್ಕೂ, ಕಿರಿಯರಿಂದ ಹಿರಿಯರಿಗೂ ಹೋಗುತ್ತದೆ. ಉತ್ತರದಲ್ಲಿ ಇದನ್ನು ಬಿಡಬೇಡಿ. 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ವಂದೇ ಮಾತರಂ ಹಾಡಿ ಹೊರಹಾಕಿಸಿಕೊಂಡರು. ಹಿರಿಯರು ಹೇಳಲಿ ಎಂದು ಅವರು ಕಾಯಲಿಲ್ಲ. ಇವತ್ತಿನ ಉದಾಹರಣೆ ಬೇಕಾದರೆ ನಮ್ಮ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲು ಕೊಡುವ ಸಂವಿಧಾನದ 371(ಜೆ) ವಿಧಿ ಇದೆ. 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಪ್ರವೇಶದ ಅರ್ಜಿ ತುಂಬುವಾಗ ಅದರಲ್ಲಿ ಏನು ಸಿಗುತ್ತದೆ, ಯಾಕೆ ಸಿಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಈಗ ಮೊಮ್ಮಕ್ಕಳೇ ಮುತ್ಯಾನಿಗೆ ತಿಳಿಸಿ ಹೇಳುತ್ತಾರೆ.